ತೌಡಮ್ಮ ಎಂಬ ಹೆಸರಿಗೆ ಸಮರ್ಥನೆ

ನಮ್ಮ ವಿಭಾಗದ ಜನನ ಮರಣ ನೋಂದಣಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮೊಮ್ಮಗಳು ವೇಣಿಯ ಮಗುವಿಗೆ ನಾಲ್ಕು ತಿಂಗಳಾಯಿತು. ನಿಮ್ಮ ಪುಸ್ತಕದಲ್ಲಿ ಅದಕ್ಕೆ ಇನ್ನೂ ಹೆಸರಿಲ್ಲ. ನಾವು ಹೆಸರು ಕೊಟ್ಟೆವು, ನೀವು ಬರೆದುಕೊಳ್ಳಲಿಲ್ಲ. ಮೂರು ಸಲ ಅರ್ಜಿ ಕೊಟ್ಟೆ. ಮೂರನೆಯ ಸಲ ಅರ್ಜಿಯ ಬೆನ್ನ ಮೇಲೆ ಹಸಿರು ಶಾಯಿಯಲ್ಲಿ ಹೀಗೆ ಬರೆದು ಹಿಂದಿರುಗಿಸಿದ್ದೀರಿ: "ಸದರಿ ಹೆಸರು ಪ್ರಚಲಿತವಲ್ಲ. ಮಗುವಿನ ಹಿತದೃಷ್ಟಿಯಿಂದ ಬೇರೆ ಹೆಸರು ಸೂಚಿಸುವುದು ಅಥವಾ ಸಮರ್ಥನೆ ಒದಗಿಸುವುದು." ಇದೋ, ಒದಗಿಸುತ್ತಿದ್ದೇನೆ. ಒಳಗೆ ಕೊಟ್ಟ ಕಾಗದ ಮೂರೂ ಹೊರಗೆ ಬಂದದ್ದರಿಂದ ಈ ನಾಲ್ಕನೆಯದನ್ನು ಹೊರಗಿನಿಂದಲೇ, ಪತ್ರಿಕೆಯಲ್ಲಿ ಕೊಡುತ್ತಿದ್ದೇನೆ.

ನಾವು ಕೊಟ್ಟ ಹೆಸರು ತೌಡಮ್ಮ.

ಮೊದಲ ಸಲ ಬಂದಾಗ ನೀವೇ ಕೌಂಟರಿನ ಹಿಂದೆ ನಿಂತಿದ್ದಿರಿ. ಅರ್ಜಿ ಓದಿ ನಕ್ಕಿರಿ. ಕೆಟ್ಟ ನಗೆಯಲ್ಲ, ನಗು ತಡೆಯಲಾಗದವರ ನಗೆ.

"ಯಜಮಾನ್ರೇ, ಇದೂ ಒಂದು ಹೆಸ್ರೇನ್ರೀ? ತೌಡು ಅಂದ್ರೆ ದನ ತಿನ್ನೋದಲ್ವಾ?" ಅಂದಿರಿ.

"ಹೌದು ಸಾರ್. ನಾನೂ ಅದೇ," ಅಂದೆ.

"ಅಂದ್ರೆ?"

"ನನ್ನ ಹೆಸರು ತೌಡಪ್ಪ."

ಆಗ ನೀವು ಪೆನ್ನಿನ ಮುಚ್ಚಳ ತೆಗೆದು, ಹಾಕಿ, "ನಿಮ್ ಕಾಲ ಬೇರೆ ಬಿಡಿ," ಅಂದಿರಿ. ಆಮೇಲೆ, "ನಾಳೆ ಸ್ಕೂಲಲ್ಲಿ ಮಕ್ಳು ಆಡ್ಕೊಂಡು ನಗಲ್ವಾ? ಈ ಹೆಸ್ರಲ್ಲಿ ಒಬ್ರಾದ್ರೂ ದೊಡ್ಡ ಮನುಷ್ಯರು ಇದಾರಾ? ಇದ್ರೆ ಹೇಳಿ, ಈಗ್ಲೇ ಬರ್ಕೊಳ್ತೀನಿ," ಅಂದಿರಿ. ಹಿಂದೆ ಸಾಲಿನಲ್ಲಿದ್ದವರೂ ನಕ್ಕರು. ನಾನು ಮೂರನೇ ಕ್ಲಾಸಿನವರೆಗೆ ಓದಿದವನು, ಮಿಕ್ಕ ಓದು ಬೋಲ್ಟು ನಟ್ಟು ಸುತ್ತಿ ಬರುತ್ತಿದ್ದ ಹಳೆಯ ಪೇಪರಿನದು. ಅರ್ಜಿ ಮಡಿಚಿ ಜೇಬಿಗಿಟ್ಟುಕೊಂಡು ಹೊರಟೆ. ಸಂಜೆ ವೇಣಿಗೆ ನಿಮ್ಮ ಮಾತು ಹೇಳಿದೆ. ಅವಳು ಟಿಫನ್ ಬಾಕ್ಸು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಸ್ಕೂಲಿಗೆ ಹೋಗೋವರ್ಗೂ ಇದ್ರೆ ನಗ್ಲಿ ಬಿಡು ತಾತ," ಅಂದಳು.

ಅದಕ್ಕೆ ಅಳು ಬರಬೇಕಿತ್ತು. ನನಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ನಮ್ಮ ಮನೆಯಲ್ಲಿ ಅದು ನಿಂತು ವರ್ಷವಾಯಿತು.

ತೌಡು ದನ ತಿನ್ನುವುದು ಎಂದಿರಲ್ಲ, ನಿಜ. ಗಿರಣಿಯಲ್ಲಿ ಅಕ್ಕಿ ಒಂದು ಕಡೆ ಬಿದ್ದರೆ ಇನ್ನೊಂದು ಕಡೆ ಬೀಳುವ ಪುಡಿ. ನಮ್ಮ ಕಡೆ ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ಮೊರದಲ್ಲಿ ಮಲಗಿಸಿ ಬಾಗಿಲಾಚೆ ಇಡುತ್ತಾರೆ. ನೆರೆಮನೆಯಾಕೆ ಬಂದು "ಯಾರ್ದಮ್ಮ ಈ ಕೂಸು?" ಅನ್ನಬೇಕು. ಹೆತ್ತವಳು "ನಂದಲ್ಲ" ಅನ್ನಬೇಕು. ಒಂದು ಸೇರು ತೌಡು ಕೊಟ್ಟು ಆಕೆ ಕೂಸನ್ನು ಎತ್ತಿಕೊಂಡು ಹೋಗಬೇಕು. ತೌಡಿಗೆ ಮಾರಿದ ಕೂಸಿನ ಮೇಲೆ ಯಮನೂ ಕಣ್ಣು ಹಾಕುವುದಿಲ್ಲ ಎಂಬುದು ನಂಬಿಕೆ. ಹೆಸರಿಟ್ಟ ಮೇಲೆ ತಾಯಿ ಯಾರದೋ ಮಗುವನ್ನು ಸಾಕಲು ತಂದವಳ ಹಾಗೆ ಮನೆಗೆ ತರುತ್ತಾಳೆ. ಹುಡುಗನಾದರೆ ತೌಡಪ್ಪ, ಹುಡುಗಿಯಾದರೆ ತೌಡಮ್ಮ. ಪ್ರಚಲಿತವಲ್ಲ ಎಂದು ಬರೆದಿದ್ದೀರಿ. ಇದು ಅಪರೂಪವಾಗಿರುವುದೇ ಒಳ್ಳೆಯದು, ಮಾನ್ಯರೇ. ಊರ ತುಂಬ ಈ ಹೆಸರಿದ್ದರೆ ಆ ಊರಿನಲ್ಲಿ ಯಾರು ತಾನೆ ಕಾಲಿಡುತ್ತಾರೆ?

ಆದರೂ ದೊಡ್ಡ ಮನುಷ್ಯರನ್ನು ಕೇಳಿದ್ದೀರಿ. ಎರಡು ತಿಂಗಳು ಬಸ್ಸಿನಲ್ಲಿ ತಿರುಗಿ ಹುಡುಕಿದೆ. ಸಿಕ್ಕವರನ್ನು ಬರೆಯುತ್ತೇನೆ. ದೊಡ್ಡವರೋ ಅಲ್ಲವೋ ತಾವೇ ನಿರ್ಧರಿಸಿ.

ಬಾವಿ ತೌಡಪ್ಪ. ಪೀಣ್ಯದಲ್ಲಿ ಶೆಡ್ಡುಗಳು ಏಳುವ ಮುಂಚೆ ನಮ್ಮ ಸುತ್ತಿನ ಹೊಲಗಳಲ್ಲಿ ಹದಿನೇಳು ಬಾವಿ ತೋಡಿದವನು. ಹೊಲ ಹೋದ ಮೇಲೆ ಬಾವಿಗಳನ್ನು ಮುಚ್ಚಿದರು. ಒಂದು ಕಾರ್ಖಾನೆಯವರು ಭಾರಿ ಪ್ರೆಸ್ ಮೆಷಿನ್ ಕೂರಿಸಿದರು, ಆರು ತಿಂಗಳಲ್ಲಿ ಅದು ಒಂದು ಪಕ್ಕಕ್ಕೆ ವಾಲಿತು. ಇಂಜಿನಿಯರುಗಳು ಮಟ್ಟ ಹಿಡಿದು ನೋಡಿ ತಲೆ ಕೆರೆದುಕೊಂಡರು. ಎಂಬತ್ತರ ಮುದುಕ ಹೋಗಿ ಕೋಲಿನಲ್ಲಿ ನೆಲ ಕುಟ್ಟಿ, "ನನ್ ಬಾವಿ ಮ್ಯಾಲೇ ತಂದು ಕೂರ್ಸಿದ್ದೀರಲ್ಲಪ್ಪಾ, ಇನ್ನೇನಾಯ್ತದೆ?" ಅಂದ. ಆಮೇಲೆ ಅವನು ಸಾಯುವವರೆಗೆ ಯಾರೇ ಮೆಷಿನ್ ಕೂರಿಸಲಿ, ಅವನನ್ನು ಕರೆದು ಜಾಗ ಕೇಳುತ್ತಿದ್ದರು. ಅವನಿಗೆ ಪ್ರಶಸ್ತಿ ಬಂದಿಲ್ಲ. ಪ್ರೆಸ್ಸುಗಳು ನೆಟ್ಟಗೆ ನಿಂತಿವೆ.

ಸ್ಟಾಪ್ ತೌಡಮ್ಮ. ತುಮಕೂರು ರಸ್ತೆಯಲ್ಲಿ ನಮ್ಮ ಊರ ಮುಂದೆ ಬಸ್ಸು ನಿಲ್ಲದ ಕಾಲ. ಈಕೆ ಸೊಪ್ಪಿನ ಪುಟ್ಟಿಯನ್ನು ರಸ್ತೆ ನಡುವೆ ಇಟ್ಟು ಪಕ್ಕದಲ್ಲಿ ಕೂತಳು. ದಿನಾ ಬೆಳಗ್ಗೆ ಹಾಗೇ, ಹನ್ನೊಂದು ದಿನ. "ಯಾರಮ್ಮಾ ನಿಂಗೆ ಇಲ್ಲಿ ಸ್ಟಾಪು ಕೊಟ್ಟೋರು?" ಎಂದು ಕಂಡಕ್ಟರು ಕೂಗಿದ. "ನಾನೇ ಕೊಟ್ಕೊಂಡೆ ಕಣಪ್ಪ, ಪುಟ್ಟಿ ಏರ್ಸು," ಅಂದಳು. ಆ ಸ್ಟಾಪಿನಿಂದ ಮೂರು ತಲೆಮಾರು ಕೆಲಸಕ್ಕೆ, ಕಾಲೇಜಿಗೆ ಹೋದರು. ಈಗ ಅಲ್ಲಿನ ಫಲಕದ ಮೇಲೆ ಒಂದು ಅಪಾರ್ಟ್‌ಮೆಂಟಿನ ಹೆಸರಿದೆ. ಆ ಹೆಸರು ಪ್ರಚಲಿತವೇ?

ದ್ರೌಪದಿ ತೌಡಪ್ಪ. ನನ್ನ ಜೊತೆ ಲೇತ್ ಮೇಲೆ ಕೆಲಸ ಮಾಡಿದವನು. ಕಾರ್ಮಿಕರ ನಾಟಕದಲ್ಲಿ ಇಪ್ಪತ್ತೆರಡು ವರ್ಷ ದ್ರೌಪದಿ. ಅವನ ಮಾತಿಗೆ ಶಿಫ್ಟ್ ಮುಗಿಸಿ ಎಣ್ಣೆ ಕೈಯಲ್ಲೇ ಬಂದು ಕೂತ ಗಂಡಸರು ಅಳುತ್ತಿದ್ದರು. ಕರಪತ್ರದಲ್ಲಿ ಮಾತ್ರ ಪ್ರಸನ್ನಕುಮಾರ್ ಎಂದು ಹಾಕಿಸುತ್ತಿದ್ದ. ಅವನ ಹೆಂಡತಿ ಸಿದ್ದಮ್ಮ ಇನ್ನೂ ಇದ್ದಾಳೆ. "ಸಾವಿರ ಜನದ ಮುಂದೆ ಸೀರೆ ಎಳುಸ್ಕೊಳ್ಳೋಕೆ ನಾಚ್ಕೆ ಇರ್ಲಿಲ್ಲ ಕಣಣ್ಣ, ಸ್ವಂತ ಎಸ್ರು ಯೋಳೋಕೆ ನಾಚ್ಕೆ ನಮ್ಮೆಜಮಾನಂಗೆ," ಎಂದು ನಕ್ಕಳು.

ನಾಲ್ಕನೆಯವರೊಬ್ಬರಿದ್ದಾರೆ. ಅವರ ಹೆಸರು ಹೇಳಿದರೆ ನೀವು ಎದ್ದು ನಿಲ್ಲುತ್ತೀರಿ. ಬ್ರೂಕ್‌ಫೀಲ್ಡಿನಲ್ಲಿ ಮನೆ, ದೊಡ್ಡ ಕಂಪನಿಯಲ್ಲಿ ನೂರಾರು ಜನರ ಮೇಲೆ ಅಧಿಕಾರ. ಮಾದನಾಯಕನಹಳ್ಳಿಯ ಕಡೆಯ ಹೆಣ್ಣುಮಗಳು, ಹತ್ತನೇ ಕ್ಲಾಸಿನವರೆಗೆ ತೌಡಮ್ಮ. ಗೇಟಿನಲ್ಲಿ ಸೆಕ್ಯೂರಿಟಿಯವನು ಫೋನು ಮಾಡಿ "ತೌಡಪ್ಪ ಅಂತ ಒಬ್ರು ಬಂದವ್ರೆ ಮೇಡಂ," ಅಂದದ್ದಕ್ಕೆ ಆಕೆಯೇ ಕೆಳಗೆ ಬಂದರು. ಕಾಫಿ ಕೊಟ್ಟರು. ನನ್ನ ಮಾತು ಪೂರ್ತಿ ಕೇಳಿ, "ತಾತ, ನನ್ನ ಹೆಸರು ಮಾತ್ರ ಆ ಪಟ್ಟೀಲಿ ಹಾಕ್ಬೇಡಿ," ಎಂದು ಕೈ ಮುಗಿದರು. ಹಾಕಿಲ್ಲ. ಹೀಗಾಗಿ ನೀವು ಒಪ್ಪಬಹುದಾಗಿದ್ದ ಒಬ್ಬರೇ ಒಬ್ಬರು ಪಟ್ಟಿಯಿಂದ ಹೊರಗುಳಿದರು. ನಾನು ಚಪ್ಪಲಿ ಮೆಟ್ಟುವಾಗ ಆಕೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ನಿಮಗಿಂತ ಮುಂಚೆ ಎಷ್ಟು?"

"ಎರಡು, ತಾಯಿ. ನಿಮಗೆ?"

"ಮೂರು."

ಅಷ್ಟೇ ಮಾತು. ಈ ಹೆಸರಿನವರು ಭೇಟಿಯಾದರೆ ಊರು ಯಾವುದು, ಏನು ಕೆಲಸ ಎಂದು ಕೇಳುವುದು ಆಮೇಲೆ ಎಂದು ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ಮತ್ತೆ ಹಿಂದಿರುಗಿ ಮಿಕ್ಕವರ ಮನೆಯವರನ್ನೂ ವಿಚಾರಿಸಿದೆ. ಬಾವಿ ತೌಡಪ್ಪನಿಗಿಂತ ಮುಂಚೆ ನಾಲ್ಕು. ಸ್ಟಾಪ್ ತೌಡಮ್ಮನಿಗಿಂತ ಮುಂಚೆ ಎರಡು. ದ್ರೌಪದಿಗಿಂತ ಮುಂಚೆ ಐದು. ನನ್ನನ್ನೂ ಸೇರಿಸಿದರೆ ಐದು ಜನ ಬದುಕಿದವರು, ಹದಿನಾರು ಹೋದವು. ಆ ಹದಿನಾರರಲ್ಲಿ ಒಂದರ ಹೆಸರೂ ಯಾರಿಗೂ ನೆನಪಿಲ್ಲ. ನೀವು ಕೇಳಿದ ಗಣ್ಯರ ಪಟ್ಟಿ ಇದು. ಇದನ್ನು ಮಾಡುವಾಗ ನನಗೆ ಕಂಡದ್ದು ತಾಯಂದಿರ ಪಟ್ಟಿ. ನಿಮ್ಮ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ, ಆದ್ದರಿಂದ ಪ್ರತ್ಯೇಕವಾಗಿ ಲಗತ್ತಿಸಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಆದರೆ ಸಮರ್ಥನೆ ಎಂದು ಕೇಳಿದ ಮೇಲೆ ಪೂರ್ತಿ ಕೊಡಬೇಕು.

ವೇಣಿಯ ಮೊದಲ ಕೂಸು ಒಂಬತ್ತನೆಯ ದಿನ ಹೋಯಿತು. ಎರಡನೆಯದು ಹುಟ್ಟಿದಾಗ ನನ್ನ ನಾದಿನಿ ಮಾರಕ್ಕ, "ಬಾವ, ತೌಡಿಗೆ ಮಾರ್ಬಿಡಾನ. ನಮ್ ಕೈಲಿರೋದು ಅಷ್ಟೇಯ," ಅಂದಳು. ಬೇಡವೆಂದವನು ನಾನು. ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. "ಏಯ್ ಬೂಸಾ, ಬಾರೋ ಇಲ್ಲಿ," ಎನ್ನುತ್ತಿದ್ದರು. ಸಂಬಳದ ದಿನವೂ ಬೂಸಾ, ರಿಟೈರ್ ಆದ ದಿನ ಹಾರ ಹಾಕುವಾಗಲೂ ಬೂಸಾ. ಈ ಹೆಸರು ನನ್ನ ಜೊತೆಯೇ ಸುಡಲಿ ಎಂದೆ. ಮಾರಕ್ಕನನ್ನು ಎಲ್ಲರ ಮುಂದೆ ಗದರಿದೆ. ಕೂಸಿಗೆ ಮಹಾಲಕ್ಷ್ಮಿ ಎಂದು ಹೆಸರಿಟ್ಟೆವು. ನಿಮ್ಮ ಕಚೇರಿ ಅದನ್ನು ಹತ್ತು ನಿಮಿಷದಲ್ಲಿ ಬರೆದುಕೊಂಡಿತು. ನಲವತ್ತೊಂದನೆಯ ದಿನ ಕೂಸು ಹೋಯಿತು. ನಿಮ್ಮ ಕಚೇರಿ ಅದೇ ಹೆಸರನ್ನು ಇನ್ನೊಂದು ಪುಸ್ತಕದಲ್ಲಿ ಬರೆದುಕೊಂಡಿತು. ಎರಡು ಸಲವೂ ನಾನೇ ಬಂದಿದ್ದೆ. ಎರಡು ಸಲವೂ ಯಾರೂ ಸಮರ್ಥನೆ ಕೇಳಲಿಲ್ಲ. ಆಗ ಮಗುವಿನ ಹಿತದೃಷ್ಟಿ ಎಲ್ಲಿಗೆ ಹೋಗಿತ್ತು ಎಂದು ನಿಮ್ಮನ್ನು ಕೇಳಬೇಕೆಂದುಕೊಂಡೆ. ಆದರೆ ಆ ಪ್ರಶ್ನೆ ಮೊದಲು ನನ್ನ ಕಡೆಗೇ ತಿರುಗುತ್ತದೆ.

ಹೆಸರು ಕೂಸನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಹೃದಯದಲ್ಲಿ ದೋಷವಿತ್ತು ಎಂದರು, ನಂಬುತ್ತೇನೆ. ಈ ಹೆಸರು ಕೂಸನ್ನು ಉಳಿಸುತ್ತದೆ ಎಂದೂ ಬರೆದುಕೊಡಲಾರೆ. ಆ ಹದಿನಾರು ಕೂಸುಗಳಲ್ಲಿ ಎಷ್ಟಕ್ಕೆ ತೌಡಪ್ಪ ಎಂದೇ ಹೆಸರಿತ್ತೋ ಯಾರಿಗೆ ಗೊತ್ತು? ವೇಣಿ ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಉತ್ತರ ಹುಡುಕಬಹುದಿತ್ತು.

ಮೂರನೆಯ ಕೂಸು ಹುಟ್ಟಿದ ಐದನೆಯ ದಿನ ಅವಳೇ ಬಂದು ಮೊರ ಎಲ್ಲಿದೆ ಎಂದು ಕೇಳಿದಳು. ಮನೆಯಲ್ಲಿ ಇರಲಿಲ್ಲ, ಕೊಂಡು ತಂದೆವು. ಒಂದೇ ಕಾಂಪೌಂಡಿನ ಎದುರು ಮನೆ ಕೃಷ್ಣಮ್ಮ ದನದ ಆಹಾರದ ಅಂಗಡಿಯಿಂದ ತೌಡು ತಂದಳು. ವೇಣಿಯ ಗಂಡ ಶಿವಶಂಕರ್ ಗೋದಾಮಿನ ಕೆಲಸಕ್ಕೆ ರಜೆ ಹಾಕಿ ಬಂದು ಗೋಡೆಗೆ ಒರಗಿ ನಿಂತಿದ್ದ. ಕೃಷ್ಣಮ್ಮ, "ಯಾರ್ದಮ್ಮ ಈ ಕೂಸು?" ಅಂದಳು. ಶಾಸ್ತ್ರಕ್ಕೆ ಕೇಳುವ ಮಾತದು. ನಮ್ಮ ಅಮ್ಮಂದಿರು ಅಳುತ್ತಲೋ ನಗುತ್ತಲೋ ಉತ್ತರ ಹೇಳುತ್ತಿದ್ದರು. ವೇಣಿ ಅಂಗಡಿಯಲ್ಲಿ ಬೆಲೆ ಹೇಳುವವಳ ಹಾಗೆ "ನಂದಲ್ಲ" ಅಂದು ಒಳಗೆ ಹೋದಳು.

ಅವತ್ತಿನಿಂದ ಕೂಸು ಎದುರು ಮನೆಯಲ್ಲಿದೆ. ಬೇರೆಯವರಾದರೆ ಸಂಜೆಯೇ ವಾಪಸು ತರುತ್ತಿದ್ದರು. ನನ್ನ ಮೊಮ್ಮಗಳು ಪೀಣ್ಯದಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. "ಗೇಜು ಸರಿ ಇದೆ ಅಂತ ಕಣ್ಣಿಗೆ ಕಂಡ್ರೂ ಸರ್ಟಿಫಿಕೇಟ್ ಇಲ್ದೆ ನಾವು ಹೊರಗೆ ಬಿಡಲ್ಲ ತಾತ. ಕರೆಯೋದು ಒಂದು, ಕಾಗದದಲ್ಲಿ ಇನ್ನೊಂದು ಅಂದ್ರೆ ಅದು ಮೋಸ. ಹೆಸ್ರು ಬರ್ದಿರೋ ಕಾಗದ ಬರ್ಲಿ, ಆಮೇಲೆ ತಗೊಂಡು ಬರ್ತೀನಿ," ಎಂದಳು. ಹಾಲು ಕೊಡಲು ಹೋಗುತ್ತಾಳೆ, ಬರುತ್ತಾಳೆ. ಕೊಡುವಾಗ ಗೋಡೆ ನೋಡುತ್ತಾಳೆ. ಕೂಸಿನ ಮುಖ ನೋಡುವುದಿಲ್ಲ ಎಂದು ಕೃಷ್ಣಮ್ಮ ನನಗೆ ಹೇಳಿದಳು. ಹೇಳಿ, "ನಂಗೇ ಭಯ ಆಯ್ತದೆ ತೌಡಪ್ಪಣ್ಣ, ಕೂಸು ನನ್ ದನಿಗೆ ನಗೋಕೆ ಸುರು ಮಾಡದೆ," ಅಂದಳು.

ಮಾನ್ಯರೇ, ನೀವು ಪೆನ್ನಿನ ಮುಚ್ಚಳ ತೆಗೆದು ಹಾಕಿದ ಆ ದಿನದಿಂದ ಎರಡು ತಿಂಗಳಾಯಿತು. ನಿಮ್ಮ ಕಾನೂನಿನ ಪುಸ್ತಕವನ್ನು ಲೈಬ್ರರಿಯಲ್ಲಿ ಕೂತು ಅಕ್ಷರ ಅಕ್ಷರ ಓದಿದೆ. ಹೆಸರು ಬರೆದುಕೊಳ್ಳುವ ಕೆಲಸ ನಿಮ್ಮದು ಎಂದಿದೆ. ಅದು ಚೆನ್ನಾಗಿದೆಯೇ ಎಂದು ತೂಗುವ ಕೆಲಸ ನಿಮ್ಮದು ಎಂದು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ನಿಮ್ಮ ವಯಸ್ಸು ನನ್ನ ಮಗನಷ್ಟು. ನೀವು ಕೆಟ್ಟವರೆಂದು ನನಗೆ ಅನ್ನಿಸಿಲ್ಲ. ಒಂದು ಕೂಸಿಗೆ ಒಳ್ಳೆಯದಾಗಲಿ ಎಂದೇ ತಡೆದಿರಿ. ನಾನೂ ಹಾಗೆಯೇ ತಡೆದವನು, ಅದಕ್ಕೇ ನಿಮ್ಮ ಮೇಲೆ ಕೂಗಾಡುವ ಶಕ್ತಿ ನನಗಿಲ್ಲ.

ನನ್ನ ಬೇಡಿಕೆ ಇಷ್ಟು. ಬರುವ ಸೋಮವಾರ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ವೇಣಿಯೇ ಬರುತ್ತಾಳೆ. ಕೂಸು ಕೃಷ್ಣಮ್ಮನ ತೋಳಿನಲ್ಲಿರುತ್ತದೆ. ತಾಯಿ ಯಾಕೆ ಎತ್ತಿಕೊಂಡಿಲ್ಲ ಎಂದು ಕೇಳಬೇಡಿ. ಅರ್ಥ ಕೇಳಬೇಡಿ, ಶಾಲೆಯ ಮಾತು ತೆಗೆಯಬೇಡಿ, ಬೇರೆ ನಾಲ್ಕು ಹೆಸರು ಸೂಚಿಸಬೇಡಿ. ಎಲ್ಲರನ್ನೂ ಕೇಳುವ ಹಾಗೆ "ಮಗು ಹೆಸರು ಹೇಳಮ್ಮ" ಎಂದು ಕೇಳಿ, ಸುಮ್ಮನೆ ಕಾಯಿರಿ. ಸ್ವಲ್ಪ ಹೊತ್ತಾಗಬಹುದು. ಅರ್ಜಿ ಬರೆದವನು ನಾನು, ಹೆಸರು ಹೇಳಿದವನೂ ನಾನು. ಅವಳ ಬಾಯಿಂದ ಆ ಹೆಸರು ಬಂದದ್ದನ್ನು ನಮ್ಮ ಮನೆಯಲ್ಲಿ ಇನ್ನೂ ಯಾರೂ ಕೇಳಿಲ್ಲ. ನೀವೇ ಮೊದಲು ಕೇಳುವವರು. ಕೇಳಿಸಿಕೊಂಡು, ಬರೆದುಕೊಳ್ಳಿ.

ಇಂತಿ,
ನಿಮ್ಮಂತೆಯೇ ಒಳ್ಳೆಯದಕ್ಕೆಂದು ಒಮ್ಮೆ ಬೇಡವೆಂದ ಮುದುಕ,
ತೌಡಪ್ಪ
ನಿವೃತ್ತ ಲೇತ್ ಕೆಲಸಗಾರ, ಪೀಣ್ಯ
೬ ನವೆಂಬರ್ ೨೦೧೩