ಎರಡು ಸಲ ಸವರುವ ಕೈ

ಮಾರ್ಚ್ 4, ಸೋಮವಾರ

ಎಂದಿನಂತೆ ಆಸ್ಪತ್ರೆಯ ಬೆಡ್‌ಶೀಟು. ಮೊದಲು ಮೂರು ಟ್ರಾಲಿ ಬರುತ್ತಿತ್ತು, ಈಗ ನಾಲ್ಕು. ಊರಿಗೆ ವಯಸ್ಸಾಗುತ್ತಿದೆ, ಹಾಸಿಗೆ ಹಿಡಿಯುವವರು ಹೆಚ್ಚುತ್ತಿದ್ದಾರೆ. ಮಡಚುವವರು ಮಾತ್ರ ಅಷ್ಟೇ. ನಮ್ಮ ಲಾಂಡ್ರಿಯಲ್ಲಿ ಎಲ್ಲರದೂ ಬಿಳಿ ತಲೆ, ಕಪ್ಪು ಬಣ್ಣ ಇರುವುದು ಕೂದಲ ಡೈ ಬಾಟಲಿಯಲ್ಲಿ ಮಾತ್ರ. ಗೇಟಿಗೆ ಹಾಕಿದ ‘ಕೆಲಸಕ್ಕೆ ಜನ ಬೇಕು’ ಬೋರ್ಡು ಬಿಸಿಲಿಗೆ ಬೆಳ್ಳಗಾಗಿದೆ. ಹೋದ ವರ್ಷ ಒಬ್ಬ ಬಂದಿದ್ದ. ಸ್ಟೀಮಿನ ಸೆಕೆ ತಡೆಯಲಾರದೆ ಊಟಕ್ಕೆಂದು ಹೋದವನು ಹೋದವನೇ.

ಹೊಸ ಮ್ಯಾನೇಜರ್ — ನಾವಿಟ್ಟ ಹೆಸರು ಸ್ಟಾಪ್‌ವಾಚ್ — ಎಲ್ಲರನ್ನೂ ನಿಲ್ಲಿಸಿಕೊಂಡು ಭಾಷಣ ಬಿಗಿದ. “ದೇಶಕ್ಕೆ ವಯಸ್ಸಾಗ್ತಿದೆ. ದುಡಿಯೋ ಕೈ ಕಡಿಮೆ, ಕೂತು ಉಣ್ಣೋ ಬಾಯಿ ಜಾಸ್ತಿ. ಇರೋ ಒಬ್ಬೊಬ್ರೂ ಇಬ್ಬರ ಕೆಲಸ ಮಾಡಿದ್ರೇನೇ ಉದ್ಧಾರ.” ಪ್ರೊಡಕ್ಟಿವಿಟಿ, ಪ್ರೊಡಕ್ಟಿವಿಟಿ... ಆ ಪದವನ್ನು ಚೂಯಿಂಗ್ ಗಮ್ಮಿನ ಹಾಗೆ ಜಗಿಯುತ್ತಾನೆ.

ಪಕ್ಕದ ಮೇಜಿನಿಂದ ಅತ್ತಿಗೆ ಪಿಸುಗುಟ್ಟಿದರು: “ಇಷ್ಟೊತ್ತಿಗೆ ಇವನೇ ನಾಲ್ಕು ಶೀಟ್ ಮಡಚಬಹುದಿತ್ತಲ್ವೇನೇ ಪುಟ್ಟೀ?” ಐವತ್ತೊಂಬತ್ತರ ಪುಟ್ಟಿ ನಾನು. ಕಿಸಕ್ಕನೆ ನಕ್ಕುಬಿಟ್ಟೆ. ಅವನು ನಮ್ಮ ಕಡೆ ನೋಡಿದ.

ಮಾರ್ಚ್ 6

ಅತ್ತಿಗೆಯನ್ನು ಕೆಲಸದಿಂದ ತೆಗೆದರು.

ಮ್ಯಾನೇಜರ್ ವಾಚ್ ಹಿಡಿದು ಅವರ ಮೇಜಿನ ಮುಂದೆ ನಿಂತ. ಅತ್ತಿಗೆ ಯಾವಾಗಲೂ ಮಾಡುವಂತೆ ಶೀಟ್ ಮಡಚಿ, ಅಂಗೈಯಿಂದ ಎರಡು ಸಲ ಸವರಿ, ಒಂದು ಗಳಿಗೆ ನಿಂತು ಮಣಿಕಟ್ಟು ಒತ್ತಿಕೊಂಡರು.

“ಈ ಸವರೋದು ಯಾಕೆ?”

“ಮಲಗಿದೋರಿಗೆ ಸುಕ್ಕು ಒತ್ತಬಾರದಲ್ಲ ಸಾರ್.”

“ವೇಸ್ಟ್,” ಎಂದ. ಮಧ್ಯಾಹ್ನವೇ ಮನೆಗೆ ಹೋಗಿ ಅಂದ.

ಪಿಂಚಣಿ ವಯಸ್ಸನ್ನು ಸರ್ಕಾರ ಮುಂದಕ್ಕೆ ತಳ್ಳಿದೆ, ಇವನು ಇವರನ್ನು ಹೊರಕ್ಕೆ ತಳ್ಳಿದ. ನಡುವೆ ಬಿದ್ದವರು ಎಲ್ಲಿಗೆ ಹೋಗಬೇಕಂತೆ? ನನ್ನ ಸಂಬಳದಲ್ಲಿ ಇಬ್ಬರೂ ಹೇಗೋ ಬದುಕುತ್ತೇವೆ, ಮಾತು ಅದಲ್ಲ. ಅಣ್ಣ ತೀರಿಕೊಂಡಾಗಲೂ ಅತ್ತಿಗೆ ಆ ಮೇಜು ಬಿಟ್ಟವರಲ್ಲ. ನನಗೆ ಈ ಕೆಲಸ ಕೊಡಿಸಿದ್ದು ಅವರು, ಮಡಚಲು ಕಲಿಸಿದ್ದು ಅವರು.

ಸಂಜೆ ಹೊರಗೆ ಬಂದರೆ ಗೇಟಿನ ಬೆಂಚಿನ ಮೇಲೆ ಕೂತಿದ್ದರು, ಮಧ್ಯಾಹ್ನದಿಂದ. “ಜೊತೇಲೇ ಹೋಗೋಣ ಅಂತ,” ಎಂದರು.

ಅವನನ್ನು ಬಿಡುವುದಿಲ್ಲ. ಸುಮ್ಮನೆ ಬಿಡುವುದಿಲ್ಲ.

ಮಾರ್ಚ್ 19

ಅತ್ತಿಗೆಗೆ ಮನೆಯಲ್ಲಿ ದಿನವಿಡೀ ಡಬ್ಬಿಗಳನ್ನು ತೆಗೆದು ಇಡುವುದು, ಇಟ್ಟು ತೆಗೆಯುವುದು. ನಾನು ಮುಖ ಒರೆಸುವಷ್ಟರಲ್ಲಿ ಟವೆಲ್ ಕಿತ್ತುಕೊಂಡು ಮಡಚಿಡುತ್ತಾರೆ.

ನನಗೆ ಹಗಲೆಲ್ಲ ಒಂದೇ ಯೋಚನೆ. ಅವನ ಕಾರಿನ ಟೈರು? ಚಿಲ್ಲರೆ ಸೇಡು. ಸ್ಟೀಮ್ ಪೈಪು? ಪಾಪದ ಇನ್ಯಾರಿಗೋ ಸುಟ್ಟರೆ... ಬೇಡ. ಅವನಿಗೆ ಎಲ್ಲಿ ಉರಿಯಬೇಕೋ ಅಲ್ಲೇ ಉರಿಯಬೇಕು. ನಾಲ್ಕು ಜನರೆದುರು.

ಏಪ್ರಿಲ್ 2

ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು!

ಮಡಚುವ ಮೆಷಿನ್ ಬಂದಿದೆ. ಎರಡು ಕಬ್ಬಿಣದ ಕೈ. ತಾನಾಗಿ ಅದಕ್ಕೆ ಏನೂ ಬಾರದು. ಒಬ್ಬರು ವೈರಿನ ಗ್ಲೌಸ್ ತೊಟ್ಟು ದಿನಗಟ್ಟಲೆ ಮಡಚಬೇಕು, ಅದು ನೋಡಿ ಕಲಿಯುತ್ತದೆ. ಇಂಜಿನಿಯರ್ — ಅವನ ತಲೆಯೂ ನೆರೆತಿದೆ — ಹೇಳಿದ: “ನೀವು ಹೇಗೆ ಮಾಡ್ತೀರೋ ಅದೂ ಹಾಗೇ ಮಾಡುತ್ತೆ ಅಮ್ಮ. ಯಾಕೆ ಅಂತ ಕೇಳಲ್ಲ.”

“ನಮ್ಮಲ್ಲಿ ಇವರೇ ಫಾಸ್ಟು,” ಎಂದು ಸ್ಟಾಪ್‌ವಾಚ್ ನನ್ನನ್ನು ತೋರಿಸಿದ.

ಹಲ್ಲು ಕಿರಿದೆ. “ಆಗಲಿ ಸಾರ್.”

ಏಪ್ರಿಲ್ 11

ಗ್ಲೌಸ್ ತೊಟ್ಟವಳು ನಾನು, ಒಳಗಿನ ಕೈ ಅತ್ತಿಗೆಯದು. ಮಡಚು. ಸವರು, ಇನ್ನೊಮ್ಮೆ ಸವರು. ನಿಲ್ಲು. ಮಣಿಕಟ್ಟು ಒತ್ತಿಕೋ. ಇಷ್ಟು ವರ್ಷ ಪಕ್ಕದಲ್ಲೇ ನೋಡಿದ್ದು, ಒಂದು ಚೂರೂ ತಪ್ಪಲಿಲ್ಲ.

“ಇದೂ ಬೇಕಾ ಅಮ್ಮ?” ಎಂದ ಇಂಜಿನಿಯರ್.

“ಇದೇ ಬೇಕು.”

ಸ್ಟಾಪ್‌ವಾಚ್ ಈ ಕಡೆ ಸುಳಿಯುವುದಿಲ್ಲ. ಸ್ಟೀಮಿಗೆ ಕನ್ನಡಕ ಮಬ್ಬಾಗುತ್ತದಂತೆ. ಏಸಿ ರೂಮಿನಲ್ಲೇ ಕೂತಿರು ರಾಜ.

ಮೇ 15

ಹೊಟ್ಟೆ ತಣ್ಣಗಾಯಿತು.

ಮಂತ್ರಿ ಬಂದಿದ್ದರು. ಹೆಡ್ಡಾಫೀಸಿನವರು, ಕ್ಯಾಮೆರಾದವರು. ಸ್ಟಾಪ್‌ವಾಚ್ ಮೈಮೇಲೆ ಹೊಸ ಕೋಟು. “ಮುಪ್ಪಾಗ್ತಿರೋ ದೇಶಕ್ಕೆ ಮುಪ್ಪಾಗದ ಕೈ,” ಎಂದು ಬಟನ್ ಒತ್ತಿದ. ಮೆಷಿನ್ ಚೆಂದವಾಗಿ ಮಡಚಿತು. ಸವರಿತು. ಮತ್ತೆ ಸವರಿತು. ನಿಂತಿತು. ಆಮೇಲೆ ಒಂದು ಕಬ್ಬಿಣದ ಕೈ ಇನ್ನೊಂದನ್ನು ಹಿಡಿದು ಮೆಲ್ಲಗೆ ಒತ್ತಿಕೊಂಡಿತು.

“ಏನ್ರೀ, ಇದಕ್ಕೂ ಕೈ ನೋವಾ?” ಎಂದರು ಮಂತ್ರಿ. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರತಿ ಶೀಟಿಗೂ ಅದೇ, ಪ್ರತಿ ಸಲವೂ ನಗು. ಸ್ಟಾಪ್‌ವಾಚಿನ ಮುಖದಲ್ಲಿ ಇಂಗು ತಿಂದ ಮಂಗನ ಕಳೆ. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ.

ಮೇ 16

ಸ್ಟಾಪ್‌ವಾಚ್ ರೂಮಿಗೆ ಕರೆದ. ಕೂರಿ ಎಂದ. ಮೊದಲ ಸಲ “ಅಮ್ಮ” ಎಂದ. ಸೋಮವಾರದಿಂದಲೇ ಮೆಷಿನ್‌ಗೆ ಹೊಸದಾಗಿ ಕಲಿಸಬೇಕಂತೆ, ಇಲ್ಲದಿದ್ದರೆ ಅವನ ಕೆಲಸ ಹೋಗುತ್ತದಂತೆ.

“ನನಗೂ ಐವತ್ತೆರಡಾಯ್ತು. ಈ ವಯಸ್ಸಲ್ಲಿ ಇನ್ನೆಲ್ಲಿ ಸಿಗುತ್ತೆ ಹೇಳಿ?”

ಆಹಾ. ಇನ್ನೊಂದು ಸಲ ಹೇಳಿಸಬೇಕು ಅನ್ನಿಸಿತು. “ಯೋಚನೆ ಮಾಡ್ತೀನಿ ಸಾರ್,” ಎಂದು ಎದ್ದು ಬಂದೆ.

ಮೇ 17

ಅತ್ತಿಗೆಗೆ ವಿಡಿಯೋ ತೋರಿಸಿದೆ. ಎಲ್ಲ ವರದಿ ಒಪ್ಪಿಸಿದೆ. ಮಂತ್ರಿ ಅಂದದ್ದು, ಜನ ನಕ್ಕದ್ದು. ಅವರೂ ನಗುತ್ತಾರೆ ಅಂದುಕೊಂಡಿದ್ದೆ.

ಒಮ್ಮೆ ನೋಡಿದರು. “ಇನ್ನೊಂದ್ಸಲ ಹಾಕು,” ಎಂದರು.

“ಇದು ನನ್ನ ಕೈ ಅಲ್ವೇನೇ?”

“ಹೂಂ ಅತ್ತಿಗೆ! ನಿಮ್ಮದೇ!”

“ಇಷ್ಟು ನಿಧಾನ ಇದ್ನಾ ನಾನು?”

ನಾನು ಬೇಕೆಂದೇ ಎಳೆದು ಎಳೆದು ಮಾಡಿದ್ದು ಎಂದೆ. ಸುಳ್ಳು. “ನನ್ನ ಕೈ ನನಗೆ ಗೊತ್ತಾಗಲ್ವಾ? ಅವನು ಹೇಳಿದ್ದೇ ಸರಿ ಹಾಗಾದ್ರೆ.” ಫೋನ್ ನನ್ನ ಕೈಗೆ ಕೊಟ್ಟು, “ಎಲ್ರೂ ನಕ್ರಾ ಪುಟ್ಟೀ? ನೀನೂನಾ?”



ಮೇ 19, ಭಾನುವಾರ

ಅಂಗಡಿಯಿಂದ ಬಂದರೆ ಮಂಚದ ಮೇಲೆ ಹಾಸು ಇಲ್ಲ. ಅತ್ತಿಗೆ ಗೋಡೆ ಗಡಿಯಾರದ ಎದುರು ನಿಂತು ಅದೇ ಶೀಟು ಬಿಡಿಸುತ್ತಾರೆ, ಮಡಚುತ್ತಾರೆ, ಮತ್ತೆ ಬಿಡಿಸುತ್ತಾರೆ. ಮಣಿಕಟ್ಟು ಊದಿಕೊಂಡಿದೆ.

“ನೋಡು, ಈಗ ಸವರ್ತಾನೇ ಇಲ್ಲ. ಅವನಿಗೆ ಹೇಳ್ತೀಯಾ?”

ಅವನಿಗೆ ಹೊಡೆಯಲು ಎತ್ತಿದ ಕೋಲು ಇವರಿಗೆ ತಗುಲಿತು. ಅಳು ಬಂತು, ಅದಕ್ಕಿಂತ ಸಿಟ್ಟು ಬಂತು. ಸ್ಟಾಪ್‌ವಾಚ್‌ಗೆ ಫೋನ್ ಮಾಡಿದೆ. “ನಾನು ಗ್ಲೌಸ್ ತೊಡಲ್ಲ ಸಾರ್. ಅತ್ತಿಗೆ ತೊಡ್ತಾರೆ. ಮೊದಲು ಅವರ ಮೇಜು ಅವರಿಗೆ ವಾಪಸ್ ಕೊಡಿ. ನೀವೇ ಬಂದು ಕರೀಬೇಕು. ಬೇಕಿದ್ರೆ ಬನ್ನಿ.”

ಸಂಜೆಯೇ ಬಂದ. ಬಾಗಿಲಲ್ಲಿ ನಿಂತು ಕೈ ಮುಗಿದ. ಅತ್ತಿಗೆ ಗಾಬರಿಯಾಗಿ ಕುರ್ಚಿ ಎಳೆದರು.

ಮೇ 20, ಸೋಮವಾರ. ಬೆಳಗ್ಗೆ 9

ಲಾಂಡ್ರಿಯಲ್ಲೇ, ಟ್ರಾಲಿಯ ಹಿಂದೆ ಕೂತು ಬರೆಯುತ್ತಿದ್ದೇನೆ.

ಅತ್ತಿಗೆ ಅವರ ಹಳೇ ಮೇಜಿನಲ್ಲಿ. ಕೈಗೆ ಗ್ಲೌಸ್. ಸ್ಟಾಪ್‌ವಾಚ್ ಪಕ್ಕದಲ್ಲೇ ನಿಂತಿದ್ದಾನೆ, ಕನ್ನಡಕ ಮಬ್ಬಾದರೂ ಒರೆಸಿಕೊಳ್ಳುತ್ತಿಲ್ಲ. ಬೆಳಗ್ಗೆ ದಾರಿಯಲ್ಲಿ ಅತ್ತಿಗೆಗೆ ಹೇಳಿದೆ, ನಿಮ್ಮ ಥರಾನೇ ಮಾಡಿ ಅಂತ. ಅವರು ಸೆರಗು ಬಿಗಿದುಕೊಂಡು ಮುಂದೆ ನಡೆದರು.

ಮೊದಲ ಶೀಟು ಮಡಚಿ ಆಯಿತು. ಬೇಗ. ನನಗಿಂತ ಬೇಗ. ಈಗ ಅಂಗೈ ಶೀಟಿನ ಮೇಲೆ ಹಾಗೇ ನಿಂತಿದೆ. ಇಂಜಿನಿಯರ್ ನನ್ನ ಕಡೆ ನೋಡುತ್ತಿದ್ದಾನೆ, ಸ್ಟಾಪ್‌ವಾಚ್ ಆ ಕೈಯನ್ನೇ ನೋಡುತ್ತಿದ್ದಾನೆ. ಅತ್ತಿಗೆ ಯಾರನ್ನೂ ನೋಡುತ್ತಿಲ್ಲ.

ಸವರಿಬಿಡಿ ಅತ್ತಿಗೆ. ಅವನ ಕಣ್ಣೆದುರೇ. ಎರಡು ಸಲ —