ಜಂಟಿ ಮಾಲೀಕರ ಸಹಿ

ಮಂಗಳವಾರ, ಹನ್ನೊಂದನೇ ತಾರೀಖು

ಮೇಷ್ಟರಿಗೆ,

ನಮಸ್ಕಾರ. ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿಮ್ಮ ಎದೆ ಧಸಕ್ಕೆಂದಿರಬಹುದು. ಹೆದರಬೇಡಿ, ಇದು ವಿಚ್ಛೇದನದ ಕಾಗದವಲ್ಲ. ಫೋನಿನಲ್ಲಿ ಹೇಳೋಣವೆಂದರೆ ಮೂರನೆಯ ಮಾತಿಗೇ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ. ಅಲ್ಲದೆ ಈ ಲಕೋಟೆಯಲ್ಲಿರುವ ಅರ್ಜಿಗೆ ನಿಮ್ಮ ಸಹಿ ಶಾಯಿಯಲ್ಲೇ ಬೇಕು.

ಮನೆಯ ಹಿಂದೆ, ನೀವು ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ, ಒಂದು ಕೋಣೆ ಮತ್ತು ಬಚ್ಚಲು ಕಟ್ಟಿಸಬೇಕೆಂದಿದ್ದೇನೆ. ಬಾಡಿಗೆಗೆ ಕೊಟ್ಟರೆ ಕೈಗೆ ನಾಲ್ಕು ಕಾಸು ಬರುತ್ತದೆ. ಮನೆ ಇಬ್ಬರ ಹೆಸರಿನಲ್ಲಿದೆ. ಜಂಟಿ ಮಾಲೀಕರಿಬ್ಬರೂ ಒಪ್ಪದಿದ್ದರೆ ಯೋಜನಾ ಕಚೇರಿಯವರು ನಕ್ಷೆ ಮಂಜೂರು ಮಾಡುವುದಿಲ್ಲ. ಗುರುತು ಹಾಕಿರುವ ಎರಡು ಕಡೆ ಸಹಿ ಹಾಕಿ ಕಳಿಸಿದರೆ ಸಾಕು.

ಇಷ್ಟು ನಿನ್ನೆ ಬರೆದದ್ದು. ಇವತ್ತು ಓದಿ ನೋಡಿದರೆ ನನಗೇ ನಾಚಿಕೆಯಾಯಿತು. ಹರಿದುಹಾಕಿ ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು. ಬೇಡ, ಸುಳ್ಳು ಹೇಳಲು ಹೊರಟಿದ್ದೆ ಎಂಬುದೂ ನಿಮಗೆ ತಿಳಿದಿರಲಿ. ‘ಕಟ್ಟಿಸಬೇಕೆಂದಿದ್ದೇನೆ’ ಎನ್ನುವುದು ಸುಳ್ಳು. ಗೋಡೆಗಳು ಆಗಲೇ ಕಿಟಕಿಯ ಮೇಲಿನ ಮಟ್ಟಕ್ಕೆ ಎದ್ದಿವೆ. ಬಾಡಿಗೆಯ ಮಾತೂ ಸುಳ್ಳು.

ಕೋಣೆ ನಿಮ್ಮ ಅಮ್ಮನಿಗೆ.

ಒಂದು ಗಳಿಗೆ ಕೂತುಕೊಂಡು ಓದಿ. ಅಮ್ಮ ನಿಮ್ಮ ಅಣ್ಣನ ಮನೆಯಲ್ಲಿಲ್ಲ. ಐದು ತಿಂಗಳಿನಿಂದ ನನ್ನ ಜೊತೆ ಇದ್ದಾರೆ. ಒಂದು ಮಧ್ಯಾಹ್ನ ಬಾಡಿಗೆ ಕಾರಿನಿಂದ ಇಳಿದು, ಕೈಚೀಲ ಹೊಸ್ತಿಲ ಒಳಗಿಟ್ಟು, ತಾವು ಮಾತ್ರ ಹೊರಗೇ ನಿಂತರು. ಯಾಕೆ ಬಂದಿರಿ ಎಂದು ಕೇಳುವಷ್ಟು ಒರಟಳಲ್ಲ ನಾನು. ಆದರೆ ಮುಖ ಕೇಳಿರಬೇಕು. “ನೀನು ನನ್ನನ್ನ ಬೇಡ ಅಂದಾಗ ಬಾಯಿಬಿಟ್ಟೇ ಅಂದೆ. ಅಲ್ಲಿ ದೊಡ್ಡವನ ಮನೇಲಿ ಯಾರೂ ಏನೂ ಅನ್ನಲ್ಲ ಕಣೇ. ಅದೇ ಕಷ್ಟ” ಅಂದರು. ನಾನು ಚೀಲ ಎತ್ತಿಕೊಂಡು ಒಳಗೆ ನಡೆದೆ. ಅವರು ಹಿಂದೆಯೇ ಬಂದರು.

ಹೇಳದೆ ಮುಚ್ಚಿಟ್ಟ ಇನ್ನೊಂದು ವಿಷಯವಿದೆ. ಬಂದ ಮೂರನೆಯ ವಾರ ಅಮ್ಮ ನಮ್ಮ ಮೆಟ್ಟಿಲ ತಿರುವಿನಲ್ಲಿ ಬಿದ್ದರು. ಮನೆಗಿರುವ ಒಂದೇ ಬಚ್ಚಲು ಮೇಲಿದೆ, ನಿಮಗೆ ಗೊತ್ತಲ್ಲ. ನಾನು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಯಾರದೋ ಕಟ್ಟು ಹಲ್ಲಿಗೆ ಮೇಣ ಕರಗಿಸುತ್ತ ಕೂತಿದ್ದೆ. ಇಲ್ಲಿ ಅವರು ಎರಡು ಗಂಟೆ ನೆಲದ ಮೇಲೆ ಬಿದ್ದಿದ್ದರು. ಸೊಂಟದ ಮೂಳೆಗೆ ರಾಡು ಹಾಕಿದ್ದಾರೆ. ಈಗ ವಾಕರ್ ಹಿಡಿದು ಹತ್ತು ಹೆಜ್ಜೆ ನಡೆಯುತ್ತಾರೆ. ಮೆಟ್ಟಿಲು ಮಾತ್ರ ಇನ್ನು ಹತ್ತಕೂಡದಂತೆ. ಕೆಳಗೆ ಹಾಲ್‌ನಲ್ಲೇ ಮಲಗುತ್ತಾರೆ. ಸ್ನಾನ ಅಡುಗೆಮನೆಯ ಮೂಲೆಯಲ್ಲಿ, ಪರದೆ ಕಟ್ಟಿ. ಉಳಿದದ್ದನ್ನು ನಾನು ಬರೆಯುವುದು ಅವರಿಗೆ ಇಷ್ಟವಾಗುವುದಿಲ್ಲ.

ನಿಮಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ನಿಮ್ಮ ಅಣ್ಣನೂ ಮುಜುಗರಕ್ಕೆ ಬಾಯಿ ಬಿಟ್ಟಿಲ್ಲ. ಭಾನುವಾರ ನೀವು ಫೋನ್ ಮಾಡಿದಾಗ ಅಮ್ಮ ನಮ್ಮ ಹಾಲ್‌ನಲ್ಲಿ ಕೂತೇ “ಎಲ್ಲಾ ಚೆನ್ನಾಗಿದೀವಪ್ಪ” ಅನ್ನುತ್ತಾರೆ. ನಾನು ನಲ್ಲಿ ನಿಲ್ಲಿಸಿ, ಪಾತ್ರೆ ಸದ್ದಾಗದ ಹಾಗೆ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತೇನೆ.

ನಾಲ್ಕು ವರ್ಷದ ಹಿಂದೆ, ಅಮ್ಮನಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದವಳು ನಾನೇ. ಅದನ್ನು ಮರೆತಿಲ್ಲ. “ಜಾಗ ಇಲ್ದಿರೋದು ಮನೇಲಲ್ಲ” ಎಂದು ನೀವು ವರ್ಗ ಮಾಡಿಸಿಕೊಂಡು ಹೊರಟುಹೋದಿರಿ. ಆದರೆ ಮೇಷ್ಟ್ರೇ, ಅಮ್ಮನ ಹೆಸರು ಹೇಳಿ ಹೋದ ನೀವು ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಚುಚ್ಚಲು ಬರೆಯುತ್ತಿಲ್ಲ. ಇಬ್ಬರೂ ಒಂದೇ ಪರೀಕ್ಷೆಯಲ್ಲಿ ಫೇಲಾದವರು ಎನ್ನುತ್ತಿದ್ದೇನೆ, ಅಷ್ಟೇ.

ಇನ್ನು ಕಟ್ಟಡದ ಕಥೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ. ಮದುವೆ ನೋಡಿಯಾಗಿತ್ತು, ಇದೊಂದು ಬಾಕಿ ಇತ್ತು. ಮೇಸ್ತ್ರಿ ಮೊದಲು ಹೇಳಿದ್ದು ನನ್ನ ಎಂಟು ತಿಂಗಳ ಸಂಬಳ. ಮಣ್ಣು ಸಡಿಲವೆಂದು ತಳಪಾಯ ಇನ್ನೆರಡು ಅಡಿ ಇಳಿಯಿತು, ಅದರ ಜೊತೆ ನನ್ನ ಉಳಿತಾಯವೂ ಇಳಿಯಿತು. ನಕ್ಷೆಗೊಂದು ಫೀಜು, ಚರಂಡಿಗೆ ಕೊಳವೆ ಸೇರಿಸಲು ಇನ್ನೊಂದು, ಅಗೆದ ಮಣ್ಣು ಸಾಗಿಸಲು ಮತ್ತೊಂದು. ಈಗ ಹದಿಮೂರು ತಿಂಗಳ ಸಂಬಳಕ್ಕೆ ಬಂದು ನಿಂತಿದೆ, ಚಾವಣಿ ಇನ್ನೂ ಆಗಿಲ್ಲ. ನಿಮ್ಮಿಂದ ದುಡ್ಡು ಕೇಳುತ್ತಿಲ್ಲ.

ಎಡವಿದ್ದು ಬೇರೆ ಕಡೆ. ಹಿಂದಿನ ಮನೆಯ ಗೋಡೆಗೂ ನಮ್ಮ ಗೋಡೆಗೂ ನಡುವೆ ಐದು ಅಡಿ ಬಿಡಬೇಕೆಂದು ನಿಯಮ. ನಕ್ಷೆಯಲ್ಲಿ ಹಾಗೆಯೇ ಇತ್ತು. ಆದರೆ ಬಚ್ಚಲಿಗೆ ಗುರುತು ಹಾಕಿದಾಗ ಅಮ್ಮನ ವಾಕರ್ ಒಳಗೆ ತಿರುಗದು, ಗೋಡೆ ಹಿಂದಕ್ಕೆ ಸರಿಸಬೇಕು ಅನ್ನಿಸಿತು. “ಒಂದೂವರೆ ಅಡಿ ಅಲ್ವಾ ಅಕ್ಕಾ, ಯಾರು ಟೇಪ್ ಹಿಡ್ಕೊಂಡು ಬರ್ತಾರೆ?” ಅಂದ ಮೇಸ್ತ್ರಿ. ನಾನು ಹೂಂ ಅಂದೆ. ಹಲ್ಲಿನ ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ರೋಗಿಯ ಒಸಡು ಹುಣ್ಣಾಗುತ್ತದೆಂದು ಇಪ್ಪತ್ತು ವರ್ಷದಿಂದ ಬಲ್ಲವಳು ನಾನು, ಒಂದೂವರೆ ಅಡಿಗೆ ಹೂಂ ಅಂದೆ.

ಟೇಪು ಹಿಡಿದು ಬಂದರು. ಹಿಂದಿನ ಮನೆಯ ಕನ್ನಡಕದಂಗಡಿಯವರು ದೂರು ಕೊಟ್ಟಿದ್ದರು. ಅವರದು ತಪ್ಪಲ್ಲ, ಅವರ ಅಡುಗೆಮನೆಯ ಬೆಳಕಿಗೇ ಅಡ್ಡವಾಗಿ ನಾನು ಗೋಡೆ ಎಬ್ಬಿಸಿದ್ದೆ. ಅಳತೆ ಮಾಡಿದ ಅಧಿಕಾರಿ ಕೆಲಸ ನಿಲ್ಲಿಸಿ ಎಂದು ನೋಟಿಸು ಅಂಟಿಸಿದರು. ಜಂಟಿ ಮಾಲೀಕರಿಬ್ಬರೂ ಶುಕ್ರವಾರ ಕಚೇರಿಗೆ ಬಂದು ಹೇಳಿಕೆ ಕೊಡಬೇಕೆಂದರು. ಮರುದಿನ ಎಡ ದವಡೆಯ ಹಲ್ಲನ್ನು ಬಲಕ್ಕೆ ಕೂರಿಸಿ ಲ್ಯಾಬಿನ ಮಾಲೀಕರಿಂದ ಬೈಸಿಕೊಂಡೆ.

ನೀವು ಬರುವುದು ಹೇಗೆ? ನಿಮಗೆ ವಿಷಯವೇ ಗೊತ್ತಿಲ್ಲ. ಕೆಲಸ ಶುರುವಾಗುವ ಮುಂಚೆ ಕೊಟ್ಟಿದ್ದ ಮೊದಲ ಅರ್ಜಿಯಲ್ಲಿ ನಿಮ್ಮ ಹೆಸರಿನ ಮುಂದೆ ಇದ್ದ ಸಹಿ ನಿಮ್ಮದಲ್ಲ.

ಶುಕ್ರವಾರ ಒಬ್ಬಳೇ ಹೋದೆ. ಯಜಮಾನರು ಎಲ್ಲಿ ಎಂದು ಆ ಅಧಿಕಾರಿ ಮೇಡಂ ಕೇಳಿದಾಗ ಹುಷಾರಿಲ್ಲ ಅನ್ನಬೇಕೆಂದುಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ, “ಆ ಸಹಿ ನಾನು ಹಾಕಿದ್ದು ಮೇಡಂ. ಅವರು ಇಲ್ಲಿಲ್ಲ.” ಅವರು ಪೆನ್ನು ಕೆಳಗಿಟ್ಟರು. “ಇದನ್ನ ನಾನು ಕೇಳಿಸ್ಕೊಂಡಿಲ್ಲ ಅನ್ನೋ ಹಾಗಿಲ್ಲ ಕಣಮ್ಮ” ಅಂದು ನಿಧಾನವಾಗಿ ಬರೆದುಕೊಂಡರು. ಯಾರಿಗಾಗಿ ಕೋಣೆ ಎಂದು ಕೇಳಿದರು. ಹೇಳಿದೆ. ನಿಯಮ ಬದಲಾಗಲಿಲ್ಲ, ದನಿ ಬದಲಾಯಿತು.

ತೀರ್ಮಾನ ಹೀಗಾಗಿದೆ. ಹಿಂದಿನ ಗೋಡೆ ಕೆಡವಿ ಒಂದೂವರೆ ಅಡಿ ಒಳಕ್ಕೆ ಕಟ್ಟಬೇಕು. ದಂಡ ನಾನು ಕಟ್ಟಿಯಾಗಿದೆ. ಕೋಣೆಯನ್ನೇ ಕಿರಿದು ಮಾಡಿ ಬಚ್ಚಲು ಹಾಗೆಯೇ ಉಳಿಸುವ ಹೊಸ ನಕ್ಷೆ ಬರೆಸಿದ್ದೇನೆ. ಮಂಚ ಹಿಡಿಸುತ್ತದೆ, ಕುರ್ಚಿ ಹಿಡಿಸುವುದಿಲ್ಲ. ಅದಕ್ಕೆ ನಿಮ್ಮ ನಿಜವಾದ ಸಹಿ ಬೇಕು. ಜೊತೆಗೆ, ಹಳೆಯ ಸಹಿಯ ಬಗ್ಗೆ ತಕರಾರಿಲ್ಲವೆಂಬ ನಿಮ್ಮ ಹೇಳಿಕೆಯೂ ಬೇಕು. ಎರಡೂ ಈ ತಿಂಗಳ ಇಪ್ಪತ್ತೆಂಟನೇ ತಾರೀಖಿನೊಳಗೆ ಕಚೇರಿ ತಲುಪದಿದ್ದರೆ ಕಟ್ಟಿದ್ದನ್ನೆಲ್ಲ ಅವರೇ ಕೆಡವುತ್ತಾರೆ, ನನ್ನ ಹೇಳಿಕೆ ಪೊಲೀಸರಿಗೆ ಹೋಗುತ್ತದೆ.

ನನಗಾಗಿ ಸಹಿ ಮಾಡಿ ಎನ್ನಲಾರೆ, ಆ ಹಕ್ಕು ಉಳಿಸಿಕೊಂಡಿಲ್ಲ. ಕೆಡವಲು ಬಂದರೆ ಅಮ್ಮನನ್ನು ಆ ದಿನ ಎಲ್ಲಿ ಕೂರಿಸಲಿ ಎಂಬುದೊಂದೇ ಈಗ ತಲೆ ತಿನ್ನುತ್ತಿದೆ. ಇಟ್ಟಿಗೆ ಬೀಳುವ ಸದ್ದು ಹಾಲ್‌ಗೆ ಚೆನ್ನಾಗಿ ಕೇಳಿಸುತ್ತದೆ.

ಅಂಚೆಯಲ್ಲಿ ಕಳಿಸಿದರೂ ಸರಿ. ಬಂದರೆ ಇನ್ನೂ ಸರಿ. ಬರುವುದಾದರೆ ಮೊದಲೇ ಹೇಳಬೇಡಿ. ಹೇಳಿದರೆ ನಾನು ಮನೆಯಲ್ಲಿರದ ಹಾಗೆ ಏನಾದರೂ ನೆಪ ಹುಡುಕಿಬಿಡುತ್ತೇನೆ.

ಇಂತಿ,
ಕಾಗದಪತ್ರದ ಪ್ರಕಾರ ಇನ್ನೂ ನಿಮ್ಮ ಜೊತೆಯ ಮಾಲೀಕಳು

ತಾ.ಕ.: ಕಚೇರಿಯಲ್ಲಿ ಹೇಳಿದ್ದನ್ನೇ ಮೇಲೆಯೂ ಬರೆದಿದ್ದೇನೆ. ಆದರೆ ಆ ಸಹಿ ನಾನು ಹಾಕಿದ್ದಲ್ಲ. ಮೊದಲ ಅರ್ಜಿಯನ್ನು ಅದೇ ಬಾಡಿಗೆಯ ನೆಪ ಹೇಳಿ ನಿಮಗೇ ಕಳಿಸಲೆಂದು, ಲಕೋಟೆಗೆ ವಿಳಾಸವನ್ನೂ ಬರೆದು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದಾಗ ನಿಮ್ಮ ಹೆಸರಿನ ಮುಂದೆ ಸಹಿಯಾಗಿತ್ತು. “ಅವನ ಕೈ ಹಿಡ್ಕೊಂಡು ಅಕ್ಷರ ತಿದ್ದಿಸಿದವಳು ನಾನು, ನನಗೆ ಅವನ ಸಹಿ ಬರಲ್ವಾ?” ಅಂತ ಅಮ್ಮ ನಕ್ಕರು. ತಪ್ಪೆಂದು ಗೊತ್ತಿದ್ದೂ ಅದನ್ನು ಒಯ್ದು ಕೊಟ್ಟವಳು ನಾನೇ, ಅದಕ್ಕೇ ಹೇಳಿಕೆ ನನ್ನ ಹೆಸರಿನಲ್ಲೇ ಇರಲಿ. ಅವತ್ತು ನಾನು ಸಿಟ್ಟಿನಿಂದ, ಮಗನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿರಲಿಲ್ಲವಾ ಅಂದೆ. ಅವರ ನಗು ನಿಂತಿತು. “ಕೇಳಬಹುದಿತ್ತು ಕಣೇ. ಕೇಳಿದ ಮೇಲೆ ಅವನು ಆಗಲ್ಲ ಅಂದ್ಬಿಟ್ರೆ?” ಅಂದರು.