ನಲವತ್ತೊಂದು ಬಾತುಗಳು

ಅಕ್ಕಾ,

ಕೆಮ್ಮು ಪೂರ್ತಿ ಹೋಗಿದೆ. ನೀನು ಹೆಣೆದ ಟೋಪಿ ಎರಡೂ ಕಿವಿ ಮುಚ್ಚುತ್ತದೆ. ಭಾನುವಾರ ನದಿಯ ದಂಡೆಯಲ್ಲಿ ಹಕ್ಕಿ ಎಣಿಸುವವರ ಜೊತೆ ನಡೆದೆ. ಇಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಮಾತಿಲ್ಲದೆ ಬೇರೆ ಬೇರೆಯಾಗಿ ಎಣಿಸಬೇಕು. ಲೆಕ್ಕ ಹೊಂದಿದರೆ ಬರೆದುಕೊಂಡು ಮನೆಗೆ, ಹೊಂದದಿದ್ದರೆ ಇಬ್ಬರೂ ಕೂಡಿ ಮತ್ತೆ ಎಣಿಕೆ. ನನ್ನ ಜೋಡಿ ಒಬ್ಬ ನಿವೃತ್ತ ನರ್ಸ್. ಕೊನೆಯ ತಿರುವಿನಲ್ಲಿ, ಹೆಪ್ಪುಗಟ್ಟದೆ ಉಳಿದ ಒಂದಿಷ್ಟು ನೀರಿನಲ್ಲಿ ಬಾತುಗಳು ಒತ್ತೊತ್ತಾಗಿ ಕೂತಿದ್ದವು.

"ನಂದು ನಲವತ್ತೊಂದು. ನಿಮ್ದು?" ಎಂದರು.

ನನ್ನದೂ ನಲವತ್ತೊಂದೇ. ಆದರೆ ನಾಲ್ಕು ದಿನದಿಂದ ನನ್ನೊಡನೆ ಯಾರೂ ಮಾತಾಡಿರಲಿಲ್ಲ. "ನಲವತ್ತಮೂರು" ಎಂದೆ.

"ನನ್ನ ಕಣ್ಣನ್ನ ನಂಬೋ ಹಾಗಿಲ್ಲ ಬಿಡಿ. ಬನ್ನಿ, ಸೇರಿ ಎಣಿಸೋಣ," ಎಂದು ನನ್ನ ತೋಳು ಹಿಡಿದುಕೊಂಡರು. ಬೆರಳು ತೋರಿಸುತ್ತ ಗಟ್ಟಿಯಾಗಿ ಎಣಿಸಿದೆವು. ಬಾತುಗಳು ಸರಿದಾಡಿದಾಗಲೆಲ್ಲ ಮತ್ತೆ ಒಂದರಿಂದ. ಅರ್ಧ ಗಂಟೆ ಹಿಡಿಯಿತು. ನಲವತ್ತೊಂದೇ ಬಂತು.

"ಹೊಸಬರಿಗೆ ಹಾಗಾಗುತ್ತೆ, ಬೇಜಾರು ಮಾಡ್ಕೋಬೇಡಿ," ಎಂದು ಅವರು ಬಸ್ಸು ಹತ್ತಿದರು. ನಾನು ಲೆಕ್ಕ ತಪ್ಪುವವಳಲ್ಲ ಎಂದು ಬಲ್ಲವರು ಇಲ್ಲಿ ಯಾರೂ ಇಲ್ಲ.

ಭಾವನಿಗೆ ಹೇಳಬೇಡ, ನಗುತ್ತಾರೆ. ಅಂಚೆಯವರು ಬೀದಿಯ ಅಂಚೆ ಡಬ್ಬಿ ತೆರೆಯುತ್ತಿದ್ದಾರೆ, ಓಡಿಹೋಗಿ ಇದನ್ನು ಕೊಡುತ್ತೇನೆ.

ನಿನ್ನ ತಂಗಿ